ನಿನ್ನ ವಿಜಯನಗರ ಅರ್ಧಕ್ಕೆ ನಿಂತಿದ್ದು ಯಾಕೆ ಗೊತ್ತಾ?

ಪ್ರೀತಿಯ ಗೆಳೆಯ,

ಯುರೋಪಾ ಯೂನಿವರ್ಸಾಲಿಸ್ 4 ಅನ್ನುವ ಕಂಪ್ಯೂಟರ್ ಆಟದಲ್ಲಿ ವಿಜಯನಗರವನ್ನು ಆಡುತ್ತಾ ನೀನು ಬರೆಯುತ್ತಿದ್ದ ಕಥೆಯ ಮುಂದಿನ ಕಂತು ಯಾವಾಗ ಅಂತ ಕೇಳಿದರೆ "ಟೈಮ್ ಇಲ್ಲ ಮಾರಾಯಾ" ಅಂದುಬಿಟ್ಟೆ. ಸುಳ್ಳು. ನೀನು ದಿನಾ ರಾತ್ರಿ ಆಡುತ್ತಿರುವುದು ಆಟಗಳ ತಾಣ ಸ್ಟೀಮ್‌ನಲ್ಲಿ ನನಗೂ ಕಾಣಿಸುತ್ತದೆ.

ನೀನೊಬ್ಬನೇ ಅಲ್ಲ ಬಿಡು. ಆಡಿದ್ದನ್ನೇ ಕಥೆಯಾಗಿ ಬರೆಯುವ ಇಂಥ ಆಟದ ಕಥನಗಳಲ್ಲಿ, ಅದೇ ಎಎಆರ್‌ಗಳಲ್ಲಿ (ಆಫ್ಟರ್ ಆಕ್ಷನ್ ರಿಪೋರ್ಟ್), ನಾನು ಓದಿದ ಹೆಚ್ಚಿನವು ಅರ್ಧಕ್ಕೇ ನಿಂತಿವೆ. ಒಂದು ಕಾರಣ ಸುಮ್ನೆ ಲೆಕ್ಕಾಚಾರದ್ದು. ಯುರೋಪಾ ಯೂನಿವರ್ಸಾಲಿಸ್ 4 ಶುರುವಾಗುವುದು 1444ರ ನವೆಂಬರ್ 11ಕ್ಕೆ, ಮುಗಿಯುವುದು 1821ರಲ್ಲಿ. ಆಟದ ಸ್ಪೀಡನ್ನು ಗರಿಷ್ಠಕ್ಕೆ, ಅಂದರೆ ಐದಕ್ಕೆ, ಹಾಕಿ ಕೂತರೆ ಒಂದೇ ರಾತ್ರಿಯಲ್ಲಿ ಹತ್ತಾರು ವರ್ಷ ಉರುಳುತ್ತವೆ, ಆದರೆ ಅದರೊಳಗಿನ ಒಂದು ಯುದ್ಧವನ್ನು ನೆಟ್ಟಗೆ ಬರೆಯುವುದಕ್ಕೆ ಒಂದು ವಾರವೇ ಬೇಕು. ಅಷ್ಟರಲ್ಲಿ ಸ್ಕ್ರೀನ್‌ಶಾಟ್ ರಾಶಿ ಬಿದ್ದಿರುತ್ತದೆ. ಆಮೇಲೆ ತೆರೆದು ನೋಡಿದರೆ, ಕೃಷ್ಣಾ ನದಿಯ ಆಚೆ ಒಂದು ಸೈನ್ಯ ಒಂಟಿಯಾಗಿ ನಿಂತಿದೆ, ಮೇಲೆ ಕೆಂಪು ಎಚ್ಚರಿಕೆಗಳ ಸಾಲಿದೆ, ಅದು ಅಲ್ಲಿಗೆ ಯಾಕೆ ಹೋಗಿತ್ತು ಅಂತ ಆಡಿದವನಿಗೇ ನೆನಪಿಲ್ಲ.

ಆದರೆ ನಿನ್ನ ಕಥೆ ನಿಂತಿದ್ದು ಇದರಿಂದಲ್ಲ. ನೀನು ಗೆದ್ದುಬಿಟ್ಟೆ, ಅದಕ್ಕೇ ನಿಂತಿತು.

ಮೊದಲ ಕಂತುಗಳು ಎಷ್ಟು ಚೆನ್ನಾಗಿದ್ದವು! ಪಟ್ಟದಲ್ಲಿ ಎರಡನೇ ದೇವರಾಯ, ಉತ್ತರಕ್ಕೆ ಬಹಮನಿಗಳು, ರಾಯಚೂರು ದೋಆಬ್ ಯಾರ ಪಾಲಾಗುತ್ತೋ ಅನ್ನುವ ಆತಂಕ. ಸಾಲ ಮಾಡಿ ಬಾಡಿಗೆ ಪಡೆ ತಂದು ಯುದ್ಧ ಮಾಡಿದೆಯಲ್ಲ, ಆ ಕಂತನ್ನು ನಾನು ಎರಡು ಸಲ ಓದಿದ್ದೆ. ಓದುವವರೆಲ್ಲ ಕಾಯುತ್ತಿದ್ದುದು 1565ಕ್ಕೆ, ತಾಳಿಕೋಟೆಗೆ, ಅದನ್ನು ನೀನು ಹೇಗೆ ತಪ್ಪಿಸುತ್ತೀಯ ಅಂತ ನೋಡುವುದಕ್ಕೆ. ನೀನು ಮಾಡಿದ್ದೇನು? ಬಹಮನಿ ರಾಜ್ಯ ಒಡೆಯುವ ಮೊದಲೇ ಅದನ್ನು ಪೂರ್ತಿ ನುಂಗಿಬಿಟ್ಟೆ. ಬಿಜಾಪುರವಿಲ್ಲ, ಅಹಮದ್‌ನಗರವಿಲ್ಲ, ಗೋಲ್ಕೊಂಡವಿಲ್ಲ. ಅಗ್ರೆಸಿವ್ ಎಕ್ಸ್‌ಪಾನ್ಷನ್, ಅಂದರೆ ನೆಲ ನುಂಗಿದಷ್ಟೂ ನೆರೆಯವರಲ್ಲಿ ಹೆಚ್ಚುವ ಸಿಟ್ಟಿನ ಲೆಕ್ಕ, ಏರದ ಹಾಗೆ ಹುಷಾರಾಗಿ ಆಡಿದ್ದರಿಂದ ಉಳಿದ ನೆರೆಯವರೂ ನಿನ್ನ ವಿರುದ್ಧ ಒಟ್ಟಾಗಲಿಲ್ಲ. ತಾಳಿಕೋಟೆ ಅಂದರೆ ಸುಲ್ತಾನರು ಒಟ್ಟಾಗಿದ್ದೇ ಅಲ್ವಾ? ಜಾಣ ಆಟಗಾರ, ಕಥೆಗಾರನ ಹೊಟ್ಟೆ ಮೇಲೆ ಹೊಡೆದ! ಇನ್ನುಳಿದಿದ್ದು ಯಾವ ಪ್ರಾಂತ್ಯ ಯಾವಾಗ ಸೇರಿತು ಅನ್ನುವ ಪಟ್ಟಿ. ತೆರಿಗೆ ಗುಮಾಸ್ತನ ಕೆಲಸ ಅದು, ಯಾರಿಗೆ ಬೇಕು?

ಓದಿದವರು ಒಂದು ಮಾತೂ ಹೇಳುವುದಿಲ್ಲ ಅಂತ ಬೇಜಾರು ಮಾಡಿಕೊಂಡಿದ್ದೆ, ಅದೂ ನಿಜವೇ. ಆದರೆ ಬರೆಯುವವನಿಗೇ ಮುಂದೇನಾಗುತ್ತೋ ಅನ್ನುವ ದಿಗಿಲು ಇಲ್ಲದ ಮೇಲೆ ಹೊಗಳಿಕೆ ಎಷ್ಟು ದಿನ ಎಳೆದೀತು ಹೇಳು.

ಕುಬ್ಜರ ಕೋಟೆ ಕಟ್ಟುವ ಆಟ ಡ್ವಾರ್ಫ್ ಫೋರ್ಟ್ರೆಸ್‌ನ ಬೋಟ್‌ಮರ್ಡರ್ಡ್ ಅನ್ನುವ ಕೋಟೆಯ ಕಥೆಯನ್ನೇ ನೋಡು. 2006-07ರಲ್ಲಿ ಒಂದಿಷ್ಟು ಜನ ಸೇರಿ ಆಡಿದ್ದು. ಒಬ್ಬೊಬ್ಬರು ಆಟದ ಒಂದು ವರ್ಷ ಆಡುವುದು, ನಡೆದಿದ್ದನ್ನು ಬರೆಯುವುದು, ಸೇವ್ ಫೈಲನ್ನು ಮುಂದಿನವರ ಕೈಗೆ ಕೊಡುವುದು. ಆನೆಗಳ ಕಾಟ, ಲಾವಾ ಹರಿಸುವ ಹುಚ್ಚು, ಕೊನೆಗೆ ಕೋಟೆ ಸರ್ವನಾಶ. ಜನ ಇವತ್ತಿಗೂ ಅದನ್ನು ಹುಡುಕಿಕೊಂಡು ಹೋಗಿ ಓದುತ್ತಾರೆ. ಅಲ್ಲಿ ಬರೆಯದೆ ಮುಂದೆ ಓಡುವುದಕ್ಕೆ ದಾರಿಯೇ ಇರಲಿಲ್ಲ, ಹಿಂದಿನವನು ಬಿಟ್ಟುಹೋದ ಅವಾಂತರವೇ ಮುಂದಿನವನಿಗೆ ಕಥೆಯಾಗುತ್ತಿತ್ತು.

ಅದಕ್ಕೇ ಹೇಳುತ್ತಿದ್ದೇನೆ, 1821ರ ಆಸೆ ಬಿಡು. ಬಹಮನಿ ಬಿದ್ದ ದಿನಕ್ಕೇ ಕಥೆ ಮುಗಿಸಿದರೂ ಯಾರೂ ಜಗಳಕ್ಕೆ ಬರುವುದಿಲ್ಲ. ಇಲ್ಲ, ಮುಂದುವರಿಸಲೇಬೇಕು ಅನ್ನುವುದಾದರೆ ದೋಆಬ್ ಯುದ್ಧದ ಹೊತ್ತಿನ ಹಳೇ ಸೇವ್ ಇದ್ದರೆ ನನಗೆ ಕಳಿಸು. ಆಟಕ್ಕೆ ಹೊಸ ಪ್ಯಾಚ್ (ಅಪ್‌ಡೇಟ್) ಬಂದು ಅದು ತೆರೆಯದಿದ್ದರೆ ಸ್ಟೀಮ್‌ನ ಬೀಟಾ ಪಟ್ಟಿಯಲ್ಲಿ ಹಳೇ ಆವೃತ್ತಿ ಸಿಗುತ್ತದೆ, ಅದನ್ನು ನಾನು ನೋಡಿಕೊಳ್ಳುತ್ತೇನೆ. ದೇವರಾಯನ ನಂತರದ ರಾಜನನ್ನು ನಾನು ಆಡಿ ಬರೆಯುತ್ತೇನೆ, ಅವನ ನಂತರದವನು ನಿನ್ನ ಪಾಲಿಗೆ. ನಾನು ನಿನ್ನಷ್ಟು ಚೆನ್ನಾಗಿ ಆಡುವುದಿಲ್ಲ, ಸುಲ್ತಾನರಿಗೂ ಸ್ವಲ್ಪ ಚಾನ್ಸ್ ಸಿಗಲಿ.

ನಿನ್ನ ಗೆಳೆಯ