ತೊಳೆದು ಕಳೆದುಕೊಳ್ಳುವ ಕಾವಲು

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಹೆಂಗಸರ ‘ಒಳಗಿನ ಶುಚಿತ್ವ’ಕ್ಕೆಂದು ಒಂದು ದ್ರಾವಣದ ಜಾಹೀರಾತು ಅರ್ಧ ಪುಟ ಬಂದಿದೆ. ಕ್ರಿಮಿಗಳನ್ನೆಲ್ಲ ಅಳಿಸಿ ಹಾಕುತ್ತದೆಯಂತೆ. ಚಳ್ಳಕೆರೆ ತಾಲ್ಲೂಕಿನಲ್ಲಿ 29 ವರ್ಷ ಆರೋಗ್ಯ ಸಹಾಯಕಿಯಾಗಿ ಹಳ್ಳಿ ಸುತ್ತಿದವಳಿಗೆ ಅದನ್ನು ನೋಡಿ ಸುಮ್ಮನಿರಲಾಗಲಿಲ್ಲ.

ಒಮ್ಮೆ ಒಬ್ಬ ಸೊಸೆ ಗುಪ್ತಾಂಗದಲ್ಲಿ ನೀರುಗುಳ್ಳೆ ಎದ್ದು, ಉರಿ ತಾಳಲಾರದೆ ನನ್ನ ಬಳಿ ಬಂದಿದ್ದಳು. ಅತ್ತೆ ಸರ್ಪಸುತ್ತು ಎಂದು ಕೆಮ್ಮಣ್ಣು ಹಚ್ಚಿಸಿದ್ದರು. ಅದಕ್ಕೂ ಮೊದಲು ವಾರಗಟ್ಟಲೆ ಗಾಯ ತೊಳೆಯುವ ಔಷಧಿಯನ್ನು ನೀರಿಗೆ ಬೆರೆಸಿ ಒಳಗೆಲ್ಲ ತೊಳೆದುಕೊಂಡಿದ್ದಳಂತೆ. ಆಕೆಗಿದ್ದದ್ದು ಹರ್ಪಿಸ್ ಎಂಬ, ಲೈಂಗಿಕ ಸಂಪರ್ಕದಿಂದ ಹರಡುವ ವೈರಸ್ ಸೋಂಕು; ಸರ್ಪಸುತ್ತು ಅದರ ದಾಯಾದಿ ವೈರಸ್ಸಿನದು. ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದು ಕೆಂಪು ಕಿಟ್ ಕೊಡಿಸಿದೆ. ಲೈಂಗಿಕ ರೋಗದ ಕಿಟ್‌ಗಳನ್ನು ನಾವು ಬಣ್ಣದಿಂದಲೇ ಗುರುತಿಸುತ್ತಿದ್ದೆವು. ಕೆಂಪು ಎಂದರೆ ಅಸೈಕ್ಲೋವಿರ್ ಮಾತ್ರೆ. ಗುಳ್ಳೆ ಬಾಡಿತು. ಗಂಡನ ಸಂಶಯ ಬಾಡಲು ತಿಂಗಳುಗಳು ಬೇಕಾದವು. ಈ ವೈರಸ್ ಯಾವ ಗುರುತೂ ತೋರದೆ ವರ್ಷಗಟ್ಟಲೆ ನರದ ಗಂಟಿನಲ್ಲಿ ಅಡಗಿರುತ್ತದೆ, ಗುಳ್ಳೆ ಎದ್ದ ದಿನವೇ ಸೋಂಕು ತಗುಲಿದ ದಿನವಲ್ಲ ಎಂದು ಅವನಿಗೆ ಎಷ್ಟು ಸಲ ಹೇಳಿದೆನೋ!

ಹೆಣ್ಣಿನ ಗುಪ್ತಾಂಗಕ್ಕೆ ತನ್ನದೇ ಕಾವಲಿದೆ. ಅಲ್ಲಿರುವ ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾ ಹುಳಿ ಉತ್ಪಾದಿಸಿ ಬೇರೆ ರೋಗಾಣುಗಳಿಗೆ ಎಡೆ ಕೊಡುವುದಿಲ್ಲ. ಮೊಸರಿನ ಬಳಗದವೇ ಅವು. ದ್ರಾವಣ ಮೊದಲು ಕೊಲ್ಲುವುದು ಇವನ್ನೇ. ಇದರ ಹಿಂದೆ ಎರಡನೆಯ ಕಾವಲು. ನಮ್ಮ ಕಡೆ ಶೇಂಗಾ ಹೊಲಕ್ಕೆ ಹಂದಿ ನುಗ್ಗಿದರೆ ಅಟ್ಟಣೆ ಮೇಲಿದ್ದವನು ಕೂಗು ಹಾಕುತ್ತಾನೆ, ಸುತ್ತಲ ಹೊಲದವರೆಲ್ಲ ಎದ್ದು ಬ್ಯಾಟರಿ ಹಿಡಿಯುತ್ತಾರೆ. ವೈರಸ್ ಹೊಕ್ಕ ಜೀವಕೋಶ ಹಾಕುವ ಕೂಗಿಗೆ ಇಂಟರ್‌ಫೆರಾನ್ ಎಂದು ಹೆಸರು. ವಿಜ್ಞಾನಿಗಳು ಅದನ್ನು ಗುರುತಿಸಿದ್ದು 1957ರಲ್ಲಿ. ಕೂಗು ಕೇಳಿದ ನೆರೆಯ ಕೋಶಗಳು ವೈರಸ್ ತಮ್ಮೊಳಗೆ ಮರಿ ಹಾಕದಂತೆ ಸಜ್ಜಾಗುತ್ತವೆ. ಲಸಿಕೆ ಕಲಿಸಿದ ಪಾಠವಲ್ಲ ಇದು, ಹುಟ್ಟಿನಿಂದ ಬಂದದ್ದು.

ನನಗೆ ಹೆಚ್ಚು ಸೋಜಿಗ ತಂದದ್ದು ಇಂಟರ್‌ಫೆರಾನ್ ಎಪ್ಸಿಲಾನ್ ಎಂಬ ಬಗೆ. ಹೆಣ್ಣಿನ ಜನನಾಂಗದ ಒಳಪದರ ಇದನ್ನು ಹಂದಿ ಬರಲೆಂದು ಕಾಯದೆ, ಸದಾ ತಯಾರಿಸುತ್ತಿರುತ್ತದೆ. ಆಸ್ಟ್ರೇಲಿಯಾದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇದಿಲ್ಲದ ಹೆಣ್ಣಿಲಿಗಳನ್ನು ಹರ್ಪಿಸ್ ಹೆಚ್ಚು ಕಾಡಿತು. ಇದರ ಪ್ರಮಾಣ ಹಾರ್ಮೋನಿನ ಏರಿಳಿತದೊಂದಿಗೆ ಬದಲಾಗುತ್ತದೆ. ಇಲಿಯ ಮಾತನ್ನು ನೇರವಾಗಿ ಹೆಂಗಸರಿಗೆ ಹೊಂದಿಸಲಾಗದು, ಒಪ್ಪುತ್ತೇನೆ. ಈ ಕಾವಲಿದ್ದ ಮಾತ್ರಕ್ಕೆ ಸೋಂಕು ತಗುಲುವುದೇ ಇಲ್ಲವೆಂದೂ ಅಲ್ಲ. ಕಾಂಡೋಮ್ ಬೇಕೇ ಬೇಕು.

ಜಾಹೀರಾತು ನಿಲ್ಲಿಸಿ ಎಂದು ಕೇಳುವಷ್ಟು ಮುಗ್ಧೆ ನಾನಲ್ಲ, ಪತ್ರಿಕೆ ನಡೆಯಬೇಕಲ್ಲ. ಆದರೆ ಅದೇ ಪುರವಣಿಯ ವೈದ್ಯರ ಅಂಕಣದಲ್ಲಿ ಎರಡು ಸಾಲು ಹಾಕಿಸಿ: ಹೊರಗೆ ಬರಿಯ ನೀರು ಸಾಕು, ಒಳಗೆ ಏನೂ ಬೇಡ. ಗರ್ಭಿಣಿಗೆ ಗುಳ್ಳೆ ಎದ್ದರೆ ಹೆರಿಗೆಗೆ ಮೊದಲೇ ವೈದ್ಯರಿಗೆ ತಿಳಿಸಲಿ, ಹೆರಿಗೆಯ ಹೊತ್ತಿನಲ್ಲಿ ಮಗುವಿಗೆ ತಗುಲಬಹುದು. ಅಕ್ಷರ ಮಾತ್ರ ಜಾಹೀರಾತಿನಷ್ಟೇ ದಪ್ಪಗಿರಲಿ, ಅತ್ತೆಯಂದಿರಿಗೂ ಕಾಣುವಂತೆ.

– ನಿವೃತ್ತ ಆರೋಗ್ಯ ಸಹಾಯಕಿ, ಚಳ್ಳಕೆರೆ, ಚಿತ್ರದುರ್ಗ ಜಿಲ್ಲೆ