ಅಲ್ಲಿ ಬೇಡವಾದ ಕಳೆ ಔಷಧಿ ಇಲ್ಲಿ ಯಾಕೆ?

ಮಾನ್ಯ ಸಂಪಾದಕರೇ,

ಮುಂಗಾರು ಹದ ಸಿಕ್ಕರೆ ಸಾಕು, ನಮ್ಮ ಆನಗೋಡು ಕಡೆ ಮೆಕ್ಕೆಜೋಳದ ಬಿತ್ತನೆ ಜೋರಾಗುತ್ತದೆ. ಬಿತ್ತಿ ಒಂದೆರಡು ದಿನದಲ್ಲಿ, ಮೊಳಕೆ ಒಡೆಯುವ ಮುಂಚೆ, ಹಸಿ ನೆಲಕ್ಕೆ ಅಟ್ರಜಿನ್ ಎಂಬ ಕಳೆ ಔಷಧಿ ಹೊಡೆಯುತ್ತೇವೆ. ಬಿಳಿ ಪುಡಿ ಅದು. ಪ್ಯಾಕೆಟ್ ಬಾಯಿ ಕತ್ತರಿಸಿ ಬಕೆಟ್‌ಗೆ ಸುರಿದು, ಕೋಲಿನಲ್ಲಿ ಕದಡಿ, ಬೆನ್ನಿನ ಟ್ಯಾಂಕಿಗೆ ತುಂಬಿಕೊಳ್ಳುತ್ತೇವೆ. ಮುಖಕ್ಕೆ ಟವೆಲ್ಲು, ಕಾಲಿಗೆ ಏನೂ ಇಲ್ಲ. ಜೊತೆಗೆ ಕೊಡುವ ಚೀಟಿಯಲ್ಲಿ ಕನ್ನಡವೂ ಇರುತ್ತದೆ, ಆದರೆ ಕನ್ನಡಕ ಹಾಕಿಕೊಂಡರೂ ಓದಲಾಗದಷ್ಟು ಸಣ್ಣ ಅಕ್ಷರ. ಕಷ್ಟಪಟ್ಟು ಓದಿದರೂ ಒಂದು ಸಂಗತಿ ಅದರಲ್ಲಿ ಸಿಗುವುದಿಲ್ಲ. ಇದೇ ಪುಡಿಯನ್ನು ಜರ್ಮನಿ 1991ರಲ್ಲೇ ನಿಷೇಧಿಸಿತು. 2004ರಲ್ಲಿ ಐರೋಪ್ಯ ಒಕ್ಕೂಟವೂ ಬೇಡ ಎಂದಿತು.

ಕಾರಣ ಅಂತರ್ಜಲ. ಹೊಲಕ್ಕೆ ಹೊಡೆದದ್ದು ಮಳೆ ನೀರಿನ ಜೊತೆ ಕೆಳಗಿಳಿದು ಕುಡಿಯುವ ನೀರಿಗೆ ಬಂತು. ಅಲ್ಲಿ ಯಾವುದೇ ಒಂದು ಕೀಟನಾಶಕ, ಕಳೆನಾಶಕ ಲೀಟರ್ ನೀರಿಗೆ 0.1 ಮೈಕ್ರೊಗ್ರಾಂ ದಾಟುವಂತಿಲ್ಲ. ಅಮೆರಿಕದಲ್ಲಿ ಇನ್ನೂ ಹೊಡೀತಾರಲ್ಲ ಎಂದು ಅಂಗಡಿಯವರು ಹೇಳುತ್ತಾರೆ. ನಿಜ. ಆದರೆ ಅಲ್ಲೂ ಕುಡಿಯುವ ನೀರಿಗೆ 3 ಮೈಕ್ರೊಗ್ರಾಂ ಮಿತಿ ಇದೆ, ನೀರು ಸರಬರಾಜು ಮಾಡುವವರು ಪರೀಕ್ಷೆ ಮಾಡಿಸಲೇಬೇಕು. ಕುಡಿಯುವ ನೀರಿಗೆ ನಮ್ಮ ದೇಶದ ಐಎಸ್ 10500 ಮಾನದಂಡದಲ್ಲೂ ಅಟ್ರಜಿನ್‌ಗೆ 2 ಮೈಕ್ರೊಗ್ರಾಂ ಎಂದು ಬರೆದಿದೆ. ಆದರೆ ನಮ್ಮ ಕಡೆ ಬೋರ್‌ವೆಲ್ ನೀರನ್ನು ಫ್ಲೋರೈಡ್‌ಗೆ ನೋಡುತ್ತಾರೆ, ಗಡಸುತನಕ್ಕೆ ನೋಡುತ್ತಾರೆ. ಅಟ್ರಜಿನ್‌ಗೆ ನೋಡಿದ್ದನ್ನು ನಾನಂತೂ ಕಂಡಿಲ್ಲ. ಔಷಧಿ ಕದಡುವುದೂ ಬದುವಿನ ಮೇಲಿನ ಬೋರ್ ನೀರಲ್ಲೇ, ಕೂಲಿಗೆ ಬಂದ ಹೆಣ್ಣುಮಕ್ಕಳು ಮಧ್ಯಾಹ್ನ ಬುತ್ತಿ ಉಂಡು ಕುಡಿಯುವುದೂ ಅದೇ ನೀರು.

ಭತ್ತದ ಕಥೆಯೂ ಹೀಗೇ. ಬೆಂಕಿ ರೋಗ ಬಂದರೆ ಭದ್ರಾ ನಾಲೆ ಕೆಳಗಿನ ಗದ್ದೆಗಳಿಗೆ ಟ್ರೈಸೈಕ್ಲಜೋಲ್ ಎಂಬ ಶಿಲೀಂಧ್ರನಾಶಕ ಹೊಡೆಯುತ್ತಾರೆ. ಅಕ್ಕಿಯಲ್ಲಿ ಇದು ಕಿಲೋಗೆ 0.01 ಮಿಲಿಗ್ರಾಂಗಿಂತ ಜಾಸ್ತಿ ಉಳಿದಿರಬಾರದು ಎಂದು ಐರೋಪ್ಯ ಒಕ್ಕೂಟ 2018ರಿಂದ ಬಿಗಿ ಮಾಡಿತು. ಆಮೇಲೆ ಪಂಜಾಬ್ ಸರ್ಕಾರ ಬಾಸುಮತಿ ಹಂಗಾಮಿನಲ್ಲಿ ಅದರ ಮಾರಾಟವನ್ನೇ ತಡೆದು ಆದೇಶ ಮಾಡಿತು. ಸಂತೋಷ. ಹೊರದೇಶದವರ ತಟ್ಟೆಗೆ ಹೋಗುವ ಅಕ್ಕಿಗೆ ಅಷ್ಟು ಕಾಳಜಿ ಸಾಧ್ಯ ಅಂದಮೇಲೆ, ನಾವು ದಿನಾ ಉಣ್ಣುವ ಸೋನಾ ಮಸೂರಿಗೂ ಅದು ಸಾಧ್ಯ ಅಲ್ವಾ?

ದೇಶದೇಶಗಳ ನಡುವೆ ಒಪ್ಪಂದ ಇಲ್ಲ ಅಂತಲ್ಲ. 1998ರ ರಾಟರ್‌ಡ್ಯಾಮ್ ಒಪ್ಪಂದ ಇದೆ, ಭಾರತವೂ ಅದಕ್ಕೆ ಸೇರಿದೆ. ಆದರೆ ಅದು ನಿಷೇಧ ಮಾಡುವುದಿಲ್ಲ. ಪಟ್ಟಿಗೆ ಸೇರಿದ ವಿಷವನ್ನು ಇನ್ನೊಂದು ದೇಶಕ್ಕೆ ಕಳಿಸುವ ಮೊದಲು ಆ ದೇಶದ ಒಪ್ಪಿಗೆ ಕೇಳಬೇಕು, ಅಷ್ಟೇ. ಹೊಸದನ್ನು ಪಟ್ಟಿಗೆ ಸೇರಿಸಲು ಎಲ್ಲ ದೇಶಗಳೂ ಒಪ್ಪಬೇಕು. ಪ್ಯಾರಾಕ್ವಾಟ್ ಎಂಬ ಕಳೆ ಔಷಧಿಯ ಹೆಸರು ಬಂದಾಗ ತಡೆದ ದೇಶಗಳಲ್ಲಿ ನಮ್ಮದೂ ಒಂದು. ಪ್ಯಾರಾಕ್ವಾಟ್ ಕುಡಿದವರನ್ನು ಉಳಿಸಲು ಪ್ರತಿವಿಷವೇ ಇಲ್ಲ. ಅಂಥದ್ದರ ಪರವಾಗಿ ನಮ್ಮ ದೇಶ ನಿಂತಿತಲ್ಲ ಎಂದು ನನಗೆ ಬಹಳ ಬೇಸರವಿದೆ.

ಬರೀ ಯುರೋಪಿನವರನ್ನು ಬೈದೂ ಪ್ರಯೋಜನವಿಲ್ಲ. ತಮ್ಮ ಹೊಲಕ್ಕೆ ಬೇಡ ಎಂದದ್ದನ್ನು ತಯಾರಿಸಿ ಹೊರಗೆ ಮಾರುವ ಚಾಳಿ ಅವರಿಗಿದೆ, ಅದು ತಪ್ಪು. ಅವರಲ್ಲಿ ಫ್ರಾನ್ಸ್ 2022ರ ಜನವರಿಯಿಂದ ಅಂಥ ರಫ್ತನ್ನು ನಿಲ್ಲಿಸುವ ಕಾನೂನು ತಂದಿತು. ನಮ್ಮವರು ಏನು ಮಾಡಿದರು? 2020ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ 27 ಔಷಧಿ ನಿಷೇಧಿಸುವ ಕರಡು ಹೊರಡಿಸಿತು. ಅಟ್ರಜಿನ್ ಕೂಡ ಅದರಲ್ಲಿತ್ತು. ಒಂದು ತಿಂಗಳೊಳಗೆ, ರಫ್ತಿಗಾದರೆ ತಯಾರಿಸಬಹುದು ಎಂದು ಸಡಿಲ ಮಾಡಿದರು. ನಮ್ಮ ರೈತನಿಗೆ ಆಗದ್ದು ಆಫ್ರಿಕಾದ ರೈತನಿಗೆ ಹೇಗೆ ಆಗುತ್ತದೆ? ಕೊನೆಗೆ ಆ 27ರಲ್ಲಿ ಹೆಚ್ಚಿನವು ನಿಷೇಧದಿಂದ ಪಾರಾದವು. ಅಟ್ರಜಿನ್ ಇವತ್ತಿಗೂ ಅಂಗಡಿಯಲ್ಲಿದೆ.

ನನ್ನ ಅಕ್ಕಪಕ್ಕದ ರೈತರು ಇದನ್ನು ಓದಿ ಸಿಟ್ಟಾಗಬಹುದು. ಅವರ ಕಷ್ಟ ನನಗೆ ಗೊತ್ತು, ನನ್ನದೂ ಅದೇ. ಎತ್ತು ಮಾರಿದ್ದೇವೆ, ಎಡೆಕುಂಟೆ ಅಟ್ಟ ಸೇರಿದೆ, ಕಳೆ ತೆಗೆಯಲು ಆಳು ಸಿಗುವುದಿಲ್ಲ, ಸಿಕ್ಕರೆ ಕೂಲಿ ಗಿಟ್ಟುವುದಿಲ್ಲ. ಸುಮ್ನೆ ನಿಷೇಧ ಮಾಡಿ ಕೈತೊಳೆದುಕೊಂಡರೆ ಕಳ್ಳದಾರಿಯಲ್ಲಿ ಇನ್ನೂ ಕೆಟ್ಟದ್ದು ಬರುತ್ತದೆ. ಅದಕ್ಕೇ ನನಗೆ ಓಜೋನ್ ಪದರದ ಒಪ್ಪಂದ ಇಷ್ಟ. 1987ರಲ್ಲಿ ಮಾಂಟ್ರಿಯಲ್‌ನಲ್ಲಿ ಆದದ್ದು. ಫ್ರಿಜ್‌ಗಳಲ್ಲಿ ಬಳಸುತ್ತಿದ್ದ ಅನಿಲವನ್ನು ಎಲ್ಲ ದೇಶಗಳೂ ಬಿಡಬೇಕು ಎಂದಾಯಿತು. ಬಡ ದೇಶಗಳಿಗೆ ಜಾಸ್ತಿ ಗಡುವು ಕೊಟ್ಟರು, 1990ರಲ್ಲಿ ಒಂದು ನಿಧಿಯನ್ನೂ ಮಾಡಿದರು. ದುಡ್ಡು ಸಿಕ್ಕಿತು, ಬದಲಿ ಸಿಕ್ಕಿತು, ಕೆಲಸ ಆಯಿತು. ಕಳೆ ಔಷಧಿಗೂ ಹಾಗೇ ಆಗಲಿ. ಎಲ್ಲ ದೇಶಕ್ಕೂ ಒಂದೇ ಪಟ್ಟಿ, ಒಂದು ಗಡುವು. ಜೊತೆಗೆ ನಮ್ಮಂಥ ಸಣ್ಣ ಹಿಡುವಳಿಯವರಿಗೆ ಕಳೆ ತೆಗೆಯುವ ಯಂತ್ರ (ಪವರ್ ವೀಡರ್) ಕೊಳ್ಳಲೋ ಬಾಡಿಗೆಗೆ ಪಡೆಯಲೋ ಆ ನಿಧಿಯಿಂದ ನೆರವು. 2023ರಲ್ಲಿ ಜರ್ಮನಿಯ ಬಾನ್‌ನಲ್ಲಿ ಸೇರಿದ ದೇಶಗಳು, ಅಪಾಯ ಹತೋಟಿಗೆ ಬಾರದ, ಸುರಕ್ಷಿತ ಬದಲಿ ಇರುವ ಕಡೆ ಅತಿ ಅಪಾಯದ ಕೀಟನಾಶಕಗಳನ್ನು 2035ರೊಳಗೆ ಕೃಷಿಯಿಂದ ತೆಗೆಯುವ ಗುರಿ ಇಟ್ಟಿವೆ. ಆದರೆ ಅದು ಕಾನೂನಲ್ಲ, ಒಪ್ಪಿದರೆ ಉಂಟು ಇಲ್ಲದಿದ್ದರೆ ಇಲ್ಲ.

ನಮ್ಮ ಜಿಲ್ಲಾಡಳಿತಕ್ಕೆ ನನ್ನದೊಂದು ಬೇಡಿಕೆ. ಈ ವರ್ಷದ ಮಳೆಗಾಲ ಮುಗಿಯುವುದರೊಳಗೆ ಆನಗೋಡು, ಮಾಯಕೊಂಡ, ಜಗಳೂರು ಕಡೆಯ ಒಂದಿಷ್ಟು ಬೋರ್‌ವೆಲ್ ನೀರನ್ನು ಅಟ್ರಜಿನ್‌ಗಾಗಿ ಪರೀಕ್ಷೆ ಮಾಡಿಸಿ. ಫಲಿತಾಂಶವನ್ನು ಪಂಚಾಯಿತಿ ಬೋರ್ಡಿಗೆ ಕನ್ನಡದಲ್ಲಿ ಹಾಕಿಸಿ, ಒಂದು ಪ್ರತಿಯನ್ನು ನಮ್ಮ ಸಂಸದರಿಗೆ ಕೊಡಿ. ರಾಟರ್‌ಡ್ಯಾಮ್ ಒಪ್ಪಂದದ ಮುಂದಿನ ಸಭೆಗೆ ದಿಲ್ಲಿಯ ಅಧಿಕಾರಿಗಳು ಹೋಗುವಾಗ ಆ ಅಂಕಿ ಅವರ ಕೈಯಲ್ಲಿರಲಿ.

– ಮೆಕ್ಕೆಜೋಳ ಬೆಳೆಗಾರ, ಆನಗೋಡು ಹೋಬಳಿ, ದಾವಣಗೆರೆ ತಾಲ್ಲೂಕು