ಗುಂಬ ಕೂರಿಸೋ ಮೊದಲು

ರಾಜಾಜಿನಗರ, ಬೆಂಗಳೂರು

ಚಿ. ಪುಟ್ಟನಿಗೆ ಸೋದರಮಾವನ ಆಶೀರ್ವಾದಗಳು.

ಕೆಂಗೇರಿ ಮನೆಯ ತಾರಸಿಗೆ ಇಳಿಜಾರು ಶೀಟು ಹೊದಿಸಿ ಫಾಲ್ಸ್ ಸೀಲಿಂಗ್ ಹಾಕಿಸಿದ್ದೀಯಂತೆ. ಮಧ್ಯಾಹ್ನ ಒಳಗೆ ಕೂರೋಕಾಗಲ್ಲ, ಮೇಲೆ ಬಿಸಿಗಾಳಿ ಹೊರಹಾಕೋ ತಿರುಗೋ ಗುಂಬ, ಅದೇ ಟರ್ಬೋ ವೆಂಟಿಲೇಟರ್, ಎರಡು ಕೂರಿಸ್ತಾನಂತೆ ಅಂದಳು ನಿಮ್ಮಮ್ಮ. ಕೂರಿಸು. ಕರೆಂಟು ಕೇಳದ ಆಳು ಅದು. ಆದರೆ ಫ್ಯಾಬ್ರಿಕೇಷನ್‌ನವರು ಶೀಟು ಕೊಯ್ಯೋ ಮೊದಲು ಇದನ್ನೋದು.

ಪೀಣ್ಯದ ಶೆಡ್ಡಿನಲ್ಲಿ ಇಪ್ಪತ್ತು ವರ್ಷ ಲೇತ್ ಮುಂದೆ ನಿಂತವನು ನಾನು. ತಲೆ ಮೇಲೆ ಟರ್ಬೋ ವೆಂಟಿಲೇಟರ್ ಗಿರಗಿರ ತಿರುಗುತ್ತಿದ್ದರೂ ಅಂಗಿ ಬೆನ್ನಿಗೆ ಅಂಟಿಕೊಂಡೇ ಇರೋದು. ಧೂಳು ಬರುತ್ತೆ ಅಂತ ಗೋಡೆಯ ಕೆಳಗಿನ ಲೂವರ್‌ಗಳಿಗೆಲ್ಲ, ಅಂದರೆ ಗಾಳಿ ಬರೋ ಪಟ್ಟಿಕಿಂಡಿಗಳಿಗೆ, ತಗಡು ಬಡಿದಿದ್ದರು. ಒಂದು ಏಪ್ರಿಲ್‌ನಲ್ಲಿ ತಡೆಯಲಾರದೆ ನಾವೇ ಎರಡು ತಗಡು ಕಿತ್ತೆವು. ಬೆಳಗ್ಗೆ ಮಷೀನಿಗೆ ಹಚ್ಚೋ ಊದುಬತ್ತಿಯನ್ನ ಅಲ್ಲಿ ಹಿಡಿದರೆ, ನೆಟ್ಟಗೆ ಏಳುತ್ತಿದ್ದ ಹೊಗೆ ಸರಕ್ಕನೆ ಬಾಗಿ ಒಳಕ್ಕೆ ನುಗ್ಗಿತು.

ವಿಷಯ ಇಷ್ಟೇ ಕಣೋ. ಗಾಳಿಗೆ ರೆಕ್ಕೆ ತಿರುಗಿದರೆ ಗುಂಬದ ಕುತ್ತಿಗೆಯಲ್ಲಿ ಒತ್ತಡ ಇಳಿದು ಶೀಟಿಗೂ ಸೀಲಿಂಗಿಗೂ ನಡುವಿನ ಬಿಸಿಗಾಳಿಯನ್ನ ಮೇಲಕ್ಕೆ ಎಳೆಯುತ್ತೆ. ಗಾಳಿ ಬೀಸದ ದಿನವೂ ಬಿಸಿಗಾಳಿ ಹಗುರ, ನಿಧಾನವಾಗಿ ತಾನೇ ಏರುತ್ತೆ. ಆದರೆ ಹೋದಷ್ಟು ಕೆಳಗಿಂದ ಬರಬೇಕಲ್ಲ! ಬರದಿದ್ದರೆ ಸೀಲಿಂಗಿನ ಸಂದಿಯಿಂದ ನಿನ್ನ ಕೋಣೆಯ ಗಾಳಿಯನ್ನೇ ಹೀರುತ್ತೆ. ಏಸಿ ಹಾಕಿದ್ದರೆ ಆ ತಂಪೂ ಹೋಯ್ತು.

ಅದಕ್ಕೇ ಸೂರಿನ ಕೆಳಗಿನ ಅಂಚಿನುದ್ದಕ್ಕೂ ಎರಡೂ ಕಡೆ ಸಂದಿ ಬಿಡಿಸು. ನಮ್ಮಲ್ಲಿ ಆಷಾಢದ ಗಾಳಿ ಪಡುವಣದ್ದು, ಚಳಿಗಾಲದ್ದು ಮೂಡಣದ್ದು. ಪಾರಿವಾಳ ನುಗ್ಗದ ಹಾಗೆ ಜಾಲರಿ ಇರಲಿ, ಸೊಳ್ಳೆಪರದೆಯಂಥ ಸಣ್ಣ ಕಣ್ಣಿನದು ಬೇಡ, ಧೂಳು ಕಟ್ಟಿಕೊಳ್ಳುತ್ತೆ. ಗುಂಬದ ತಲೆ ಸೂರಿನ ನೆತ್ತಿಗಿಂತ ಮೇಲಿರಲಿ. ಅದರ ಪಕ್ಕದಲ್ಲೇ ಇನ್ನೊಂದು ಕಿಂಡಿ ಇಡಬೇಡ, ಅಲ್ಲಿಂದಲೇ ಎಳೆದುಕೊಂಡು ಕೆಳಗಿನ ಕಾವನ್ನ ಹಾಗೇ ಬಿಡುತ್ತೆ. ಅಜ್ಜಿ ಮನೆಯ ಮಂಗಳೂರು ಹೆಂಚಿಗೆ ಈ ಗೋಳೇ ಇರಲಿಲ್ಲ, ಸಂದಿಸಂದಿಯಲ್ಲೂ ಉಸಿರಾಡೋದು. ಮಳೆಗಾಲದಲ್ಲಿ ಪಾತ್ರೆ ಇಟ್ಟುಕೊಂಡು ಓಡಾಡಿದ್ದು ಬೇರೆ ಮಾತು.

ಇನ್ನೊಂದು. 2016ರ ಏಪ್ರಿಲ್‌ನಲ್ಲಿ ಬೆಂಗಳೂರು 39.2 ಡಿಗ್ರಿ ಮುಟ್ಟಿತ್ತು ನೋಡು, ಅಂಥ ದಿನ ಕಾದ ಶೀಟು ಒಲೆಯ ಹಂಚಿನ ಹಾಗೆ ಕಾವು ಸೂಸುತ್ತೆ. ಅದನ್ನ ಗುಂಬ ತಡೆಯಲ್ಲ. ಶೀಟಿನಡಿಗೆ ಹೊಳೆಯೋ ಫಾಯಿಲ್‌ನ ಇನ್ಸುಲೇಷನ್ ಹಾಕಿಸು. ದುಡ್ಡು ಒಂದಕ್ಕೇ ಸಾಲೋದಾದರೆ, ನಾನಾದರೆ ಗುಂಬ ಬಿಟ್ಟು ಇದನ್ನೇ ಮೊದಲು ಹಾಕಿಸ್ತಿದ್ದೆ.

ಬೇರಿಂಗ್ ಒಳ್ಳೇದು ಕೇಳು, ಇಲ್ಲದಿದ್ದರೆ ರಾತ್ರಿಯೆಲ್ಲ ಕಿರ್ ಅನ್ನುತ್ತೆ.

ಭಾನುವಾರ ಬರ್ತೀನಿ. ಏಣಿ ತೆಗೆದಿಟ್ಟಿರು, ಊದುಬತ್ತಿ ನಾನು ತರ್ತೀನಿ.

ಇಂತಿ,
ನಿನ್ನ ಮಾವ